ನೀಲಿ ಕಾಗದದ ಹತ್ತಿ

ನಮ್ಮ ಮನೆಯಲ್ಲಿ ಎರಡು ಬಗೆಯ ಹತ್ತಿ ಇದೆ. ಒಂದು ದೇವರ ಗೂಡಿನ ಕೆಳಗಿನ ಡಬ್ಬಿಯಲ್ಲಿ. ಇನ್ನೊಂದು ಮಲಗುವ ಕೋಣೆಯ ಬೀರುವಿನಲ್ಲಿ, ನೀಲಿ ಕಾಗದ ಸುತ್ತಿಕೊಂಡು, ಔಷಧಿ ಅಂಗಡಿಯಿಂದ ಬಂದ ಹಾಗೆಯೇ. ಅದು ಇದರ ಬಳಿ ಬರಕೂಡದು, ಇದು ಅದರ ಬಳಿ ಹೋಗಕೂಡದು ಎಂದು ನನ್ನ ಕಟ್ಟಪ್ಪಣೆ. ಬಂದವರು ಇದನ್ನು ಮಡಿವಂತಿಕೆ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಎಂದು ಸುಮ್ಮನಿರುತ್ತೇನೆ, ಏಕೆಂದರೆ ನಿಜವಾದ ಕಾರಣ ಹೆದರಿಕೆ. ಅರವತ್ತು ದಾಟಿದ ಹೆಂಗಸು ಒಂದು ಉರುಳೆ ಹತ್ತಿಗೆ ಹೆದರುತ್ತಾಳೆ ಎಂದು ಯಾರ ಮುಂದೆ ಹೇಳಿಕೊಳ್ಳುವುದು? ನಿಮ್ಮ ಮುಂದೆ ಹೇಳಬಹುದು. ನೀವು ನಕ್ಕರೂ ನನಗೆ ಕೇಳಿಸುವುದಿಲ್ಲ.

ಹೆದರುವುದರಲ್ಲಿ ನನ್ನದು ಒಳ್ಳೆಯ ಅನುಭವ. ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಲು ಮೂರು ಮಹಡಿ ಹತ್ತಿ ವಾಪಸು ಬಂದವಳು ನಾನು, ಲಿಫ್ಟಿಗೂ ಹೆದರುತ್ತೇನಾದ್ದರಿಂದ. ನಾವಿರುವುದು ಚೆನ್ನೈನ ಪೋರೂರಿನಲ್ಲಿ, ಕೆರೆಗೆ ಹತ್ತಿರ. ನಾಲ್ಕು ಹನಿ ಬಿದ್ದರೆ ಸಾಕು, ಬಾಲ್ಕನಿಗೆ ಹೋಗಿ ಎದುರು ಮನೆಯವರನ್ನು ಕೆರೆ ಎಷ್ಟು ತುಂಬಿತೆಂದು ಕೇಳುತ್ತೇನೆ. ಅವರಿಗೂ ಗೊತ್ತಿರುವುದಿಲ್ಲ, ಅವರೂ ಹೆದರಿಕೊಂಡು ಬಾಲ್ಕನಿಗೆ ಬಂದವರೇ. ರೈಲ್ವೆಯಿಂದ ನಿವೃತ್ತರಾದ ನನ್ನ ಯಜಮಾನರು ಒಳಗೆ ಪೇಪರ್ ಹಿಡಿದು ಕೂತೇ ಹೇಳುತ್ತಾರೆ, "ನಿಂಗೆ ಹೆದರೋಕೆ ಏನೂ ಸಿಗ್ದೇ ಹೋದ್ರೆ, ಅಯ್ಯೋ ಏನೂ ಇಲ್ವಲ್ಲ ಅಂತ ಹೆದರ್ತೀಯ ಕಣೇ ವಿಮಲಾ." ಈ ಮಾತನ್ನು ಅವರು ಮದುವೆಯಾದ ಹೊಸದರಲ್ಲೂ ಹೇಳಿದ್ದರು. ಆಗ ನಗು ಬಂದಿತ್ತು.

ನೀರಿನ ಹೆದರಿಕೆಯನ್ನು ನನಗೆ ಹಚ್ಚಿದ್ದು ಅಪ್ಪನ ಛತ್ರಿ. ಅಪ್ಪನೂ ರೈಲ್ವೆಯವರೇ, ಪೆರಂಬೂರಿನ ಕ್ವಾರ್ಟರ್ಸಿನಲ್ಲಿ ನಮ್ಮ ವಾಸ. ದೊಡ್ಡ ಕಪ್ಪು ಬಟ್ಟೆಯ ಛತ್ರಿ, ಬಿದಿರಿನ ಹಿಡಿ, ಅದರಡಿ ಅಪ್ಪ ಮತ್ತು ನಾನು ಸ್ಕೂಲಿಗೆ ಹೋಗುತ್ತಿದ್ದೆವು. "ಮೇಲೆ ಕೈ ಹಚ್ಬೇಡ. ಒಳಗಿಂದ ಬೆರಳು ತಾಗಿಸಿದ್ರೆ ಅಲ್ಲೇ ಸೋರುತ್ತೆ," ಎನ್ನುತ್ತಿದ್ದರು ಅಪ್ಪ. ಬೇಡ ಎಂದ ಮೇಲೆ ಬೆರಳು ಸುಮ್ಮನಿರುತ್ತದೆಯೇ? ಒಂದು ದಿನ ತಾಗಿಸಿದೆ. ಹೊರಗೆ ಅಷ್ಟು ಹೊತ್ತು ಉರುಳಿ ಉರುಳಿ ಕೆಳಗೆ ಹೋಗುತ್ತಿದ್ದ ನೀರು ನನ್ನ ಬೆರಳ ತುದಿಗೆ ಬಂತು, ಅಲ್ಲಿಂದ ಮೊಣಕೈಗೆ, ಮೊಣಕೈಯಿಂದ ಯೂನಿಫಾರ್ಮಿನೊಳಗೆ. ಬೆರಳು ತೆಗೆದರೂ ನಿಲ್ಲಲಿಲ್ಲ, ಸ್ಕೂಲು ಮುಟ್ಟುವ ತನಕ ಅದೊಂದೇ ಜಾಗದಲ್ಲಿ ತೊಟ್ಟಿಕ್ಕಿತು. ಬಟ್ಟೆ ಎಂದರೆ ಬರೀ ತೂತು, ನೀರು ಒಳಗೆ ಬರದಿರುವುದು ಅದರ ಮರ್ಜಿ, ಒಂದು ಬೆರಳು ದಾರಿ ತೋರಿಸಿದರೆ ಅದು ಬಂದೇ ಬರುತ್ತದೆ ಎಂದು ಅವತ್ತು ನನಗೆ ಖಾತ್ರಿಯಾಯಿತು. ಆಮೇಲೆ ಬಹಳ ದಿನ ಛತ್ರಿಯೊಳಗೆ ಕೈ ಕಟ್ಟಿಕೊಂಡು ನಡೆಯುತ್ತಿದ್ದೆ.

ಅದೇ ಕ್ವಾರ್ಟರ್ಸಿನಲ್ಲಿ ಅಜ್ಜಿಯೂ ಇದ್ದಳು, ಅಪ್ಪನ ಅಮ್ಮ. ಕಡೂರಿನ ಕಡೆಯವಳು, ಮದರಾಸಿಗೆ ಬಂದು ವರ್ಷಗಟ್ಟಲೆ ಇದ್ದರೂ ತರಕಾರಿಯವನ ಹತ್ತಿರ ಕನ್ನಡದಲ್ಲೇ ಜಗಳವಾಡಿ ಗೆದ್ದು ಬರುತ್ತಿದ್ದಳು. ಅಜ್ಜಿಯ ಮಡಿ ಒದ್ದೆ ಮಡಿ. ನಲ್ಲಿಯ ಕೆಳಗೆ ಮಿಂದು, ಸೀರೆ ಹಿಂಡಿ ಉಟ್ಟುಕೊಂಡು, ನಡುಗುತ್ತ ದೇವರ ಮುಂದೆ ಕೂತು ಬತ್ತಿ ಹೊಸೆಯುವಳು. ಅರಳೆ ದಾವಣಗೆರೆಯ ಅತ್ತೆಯ ಮನೆಯಿಂದ ಬರುತ್ತಿತ್ತು, ದಿಂಬಿನ ಚೀಲದಲ್ಲಿ ತುಂಬಿಕೊಂಡು, ಅಲ್ಲಲ್ಲಿ ಬೀಜದ ಚೂರು ಸಿಕ್ಕಿಕೊಂಡು. ಅಜ್ಜಿಯ ಕೈಯಿಂದ ನೀರು ತೊಟ್ಟಿಕ್ಕುತ್ತಿದ್ದರೂ ಬತ್ತಿ ಮಾತ್ರ ಗರಿಗರಿ. ಹಚ್ಚಿದರೆ ಉರಿ ನೆಟ್ಟಗೆ ನಿಲ್ಲುತ್ತಿತ್ತು. ನಾನು ಒಂದು ಚಿಟಿಕೆ ಅರಳೆ ಕದ್ದು ಪಂಚಪಾತ್ರೆಯ ನೀರಿನಲ್ಲಿ ತೇಲಿಬಿಡುತ್ತಿದ್ದೆ. ಬಾತುಕೋಳಿಯ ಹಾಗೆ ತೇಲುತ್ತಿತ್ತು. ಬೆರಳಿಂದ ಅದುಮಿದರೆ ಕೆಳಗೆ ಹೋಗಿ, ಬಿಟ್ಟರೆ ಚಂಗನೆ ಮೇಲೆ ಬರುತ್ತಿತ್ತು, ಒಣಗಿಕೊಂಡೇ. ಅಜ್ಜಿ ಬೈಯುತ್ತ, ನಡುವೆ ಸ್ವಲ್ಪ ಜಂಬದಿಂದ, "ದೇವ್ರ ಹತ್ತಿ ಕಣೇ ಅದು. ಮೈಲಿಗೇನೂ ಅಂಟಲ್ಲ, ನೀರೂ ಅಂಟಲ್ಲ," ಎನ್ನುವಳು. ದೇವರ ಮಹಿಮೆ ದಾವಣಗೆರೆಯಿಂದ ದಿಂಬಿನ ಚೀಲದಲ್ಲಿ ಬರುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ.

ಈಗ ನೀಲಿ ಕಾಗದದ ವಿಷಯ.

ಹೋದ ಮಳೆಗಾಲದಲ್ಲಿ ಯಜಮಾನರ ಎಡಗಾಲಿನ ಮೀನಖಂಡದಲ್ಲಿ ಒಂದು ಕುರು ಎದ್ದಿತು. ಮೊದಲು ಸೊಳ್ಳೆ ಕಚ್ಚಿದ ಹಾಗಿತ್ತು, ಆಮೇಲೆ ನಿಂಬೆಹಣ್ಣಿನಷ್ಟಾಯಿತು. ಬೇರೆಯವರಿಗಾದರೆ ಅದು ಕುರು. ಇವರಿಗೆ ಸಕ್ಕರೆ ಕಾಯಿಲೆ. ಇವರ ಅಪ್ಪನಿಗೂ ಇದೇ ಕಾಯಿಲೆ, ಇದೇ ಎಡಗಾಲು, ಚಪ್ಪಲಿ ಕಚ್ಚಿದ ಒಂದು ಸಣ್ಣ ಗಾಯ. ಮಂಡಿಯ ತನಕ ತೆಗೆಯಬೇಕಾಯಿತು. ಮಾವನವರ ಒಂಟಿ ಚಪ್ಪಲಿ ಬಹಳ ದಿನ ಬಾಗಿಲ ಹಿಂದೆ ಇತ್ತು, ಬಿಸಾಡಲು ಯಾರಿಗೂ ಕೈ ಬಂದಿರಲಿಲ್ಲ. ಇವರು ಪ್ಯಾಂಟು ಮಡಿಸಿ ಕಾಲು ತೋರಿಸಿದಾಗ ನನಗೆ ಕಂಡದ್ದು ಆ ಚಪ್ಪಲಿ.

ನಮ್ಮ ಮನೆಗೆ ಹತ್ತಿರದ ಕ್ಲಿನಿಕ್ಕಿನಲ್ಲಿ ಡಾಕ್ಟರು ಅದನ್ನು ಕೊಯ್ದು, ತೊಳೆದು, ಉದ್ದನೆಯ ತೆಳುಬಟ್ಟೆಯ ಪಟ್ಟಿಯೊಂದನ್ನು ಗಾಯದ ಒಳಗೆ ತುರುಕಿ, ತುದಿಯನ್ನು ಹೊರಗೆ ಬಿಟ್ಟರು. ಥೇಟ್ ಹಣತೆಯ ಬತ್ತಿ. ಆ ಬತ್ತಿ ಒಳಗಿನ ಕೀವನ್ನು ಹೀರಿ ಹೊರಗೆ ತರುತ್ತದಂತೆ. ಅದನ್ನು ಮುಟ್ಟಬಾರದು, ಅವರೇ ಎರಡು ಮೂರು ದಿನಕ್ಕೊಮ್ಮೆ ಬದಲಿಸುತ್ತಾರೆ. ಅದರ ಮೇಲಿನ ಹತ್ತಿ, ಪಟ್ಟಿ ಮಾತ್ರ ಮನೆಯಲ್ಲಿ ನಾನು ಬದಲಿಸಬೇಕು. ಹೀಗಾಗಿ ನೀಲಿ ಕಾಗದದ ಉರುಳೆ ಮನೆಗೆ ಬಂತು. ನಾನೂ ಮನೆಗೆ ಬಂದವಳೇ ಹರಕೆ ಹೊತ್ತೆ. ಗಾಯ ಮಾಯುವ ತನಕ ಸಂಜೆಯ ದೀಪ ಎಣ್ಣೆ ಇರುವಷ್ಟು ಹೊತ್ತೂ ಉರಿಯಬೇಕು, ನಡುವೆ ಶಾಂತವಾಗಬಾರದು. ಆರುವುದು ಎನ್ನುವ ಮಾತನ್ನು ನಮ್ಮಲ್ಲಿ ದೀಪಕ್ಕೆ ಆಡುವುದಿಲ್ಲ.

ಮೊದಮೊದಲು ಮೇಲಿನ ಹತ್ತಿ ಬೆಳಗಾಗುವಷ್ಟರಲ್ಲಿ ತೊಯ್ದು ತೊಪ್ಪೆಯಾಗುತ್ತಿತ್ತು. ಇಷ್ಟು ಕೆಟ್ಟದ್ದು ಈ ಕಾಲೊಳಗಿದೆಯೇ ಎಂದು ಮುಖ ಹಿಂಡಿಕೊಂಡು ಅದನ್ನು ಬಿಚ್ಚುತ್ತಿದ್ದೆ. ಇವರೋ, ಪಟ್ಟಿ ಕಿತ್ತರೆ ಮನೆ ಹಾರಿಹೋಗುವ ಹಾಗೆ ಕೂಗುವರು. ಎಂಜಿನ್ನುಗಳ ನಡುವೆ ಬದುಕಿದ ಮನುಷ್ಯ, ಗಾಯಕ್ಕಂಟಿದ ಒಂದು ಎಳೆ ದಾರಕ್ಕೆ ಕಣ್ಣೀರು ಹಾಕುವರು. ಕ್ಲಿನಿಕ್ಕಿನ ನರ್ಸ್ ಸೆಲ್ವಿ ನನ್ನ ಮುಖ ನೋಡಿ ಹೇಳಿದ್ದಳು, "ಬಯಪ್ಪಡಾದೀಂಗಮ್ಮಾ. ಈರಮಾ ಇರುಂದಾ ನಲ್ಲದು ತಾನ್. ಉಳ್ಳೆ ಇರುಕ್ಕಿರದು ವೆಳಿಯೆ ವರಣುಮ್ಲ?" ಹೆದರಬೇಡಿ, ಒದ್ದೆಯಾದರೆ ಒಳ್ಳೆಯದೇ, ಒಳಗಿನದು ಹೊರಗೆ ಬರಬೇಕಲ್ಲ ಎಂದು. ಕಿವಿಗೆ ಬಿತ್ತು. ಆದರೆ ಹೆದರಿದವರ ಕಿವಿ ನಿಮಗೆ ಗೊತ್ತಲ್ಲ, ಹೆದರಬೇಡಿ ಎಂದ ಕೂಡಲೇ ಮಿಕ್ಕಿದ್ದು ಕೇಳಿಸುವುದಿಲ್ಲ.

ಆಮೇಲೆ ಮಳೆ ಹಿಡಿಯಿತು. ನಮ್ಮ ಬೀದಿಯಲ್ಲಿ ಮಂಡಿಯುದ್ದ ನೀರು. ಕ್ಲಿನಿಕ್ಕಿಗೆ ಹೋಗಬೇಕಾದ ದಿನ ಹೋಗಲಾಗಲಿಲ್ಲ. ಫೋನು ಮಾಡಿದರೆ, ಆ ಗಲೀಜು ನೀರಿನಲ್ಲಿ ಗಾಯದ ಕಾಲು ಇಡುವುದು ಬೇಡ, ನೀರಿಳಿದ ಮೇಲೆ ಬನ್ನಿ, ಜ್ವರ ಬಂದರೆ ಮಾತ್ರ ಹೇಗಾದರೂ ಮಾಡಿ ಬಂದುಬಿಡಿ ಎಂದರು. ನಾನು ಹೆದರಿಕೊಂಡೇ ಮರುದಿನ ಪಟ್ಟಿ ಬಿಚ್ಚಿದೆ. ಹತ್ತಿ ಒಣಗಿತ್ತು! ಅದರ ಮರುದಿನವೂ ಒಣಗಿತ್ತು. ಇವರೂ ಕೂಗಲಿಲ್ಲ, ಪಟ್ಟಿ ಬಾಳೆಲೆಯ ಹಾಗೆ ಜಾರಿ ಬಂತು. ಪಲ್ಲಾವರದಲ್ಲಿರುವ ಮಗಳು ಅನುವಿಗೆ ಫೋನು ಮಾಡಿದೆ. ಅವಳದು ಚೆನ್ನೈಯಲ್ಲಿ ಬೆಳೆದ ನಮ್ಮ ಮಕ್ಕಳೆಲ್ಲರ ಹಾಗೆ ತಮಿಳು, ಇಂಗ್ಲಿಷು ಬೆರೆತ ಕನ್ನಡ. "ಸೂಪರ್ ಮ್ಮಾ! ಡ್ರೈ ಆಯ್ತು ಅಂದ್ರೆ ಹೀಲ್ ಆಗ್ತಿದೆ ದಾನೇ? ನೀ ಸುಮ್ನೆ ಟೆನ್ಶನ್ ಆಗ್ತೀಯ." ನಾನು ಕೇಸರಿಬಾತು ಮಾಡಿದೆ. ಸಕ್ಕರೆ ಕಾಯಿಲೆಯವರ ಮನೆಯಲ್ಲಿ, ಸಕ್ಕರೆ ಕಾಯಿಲೆಯ ಗಾಯ ಒಣಗಿತೆಂದು ಕೇಸರಿಬಾತು. ನಾನೇ ತಿಂದೆ, ಎದುರು ಮನೆಗೂ ಕೊಟ್ಟೆ.

ಇವರು ಮಾತ್ರ ಎರಡು ದಿನದಿಂದ ಮಂಕಾಗಿದ್ದರು. ಪೇಪರ್ ಬಿಚ್ಚಿರಲಿಲ್ಲ. ಹೊದ್ದುಕೊಂಡು ಮಲಗಿದ್ದರು. ಚೆನ್ನೈನಲ್ಲಿ ಕಂಬಳಿ ಹೊದೆಯುವ ಹವಾ ಎಲ್ಲಿಯದು? ಕೇಳಿದರೆ, "ಮಳೆಗೆ ಚಳಿ ಕಣೇ," ಎಂದರು. ನನ್ನನ್ನು ನೋಡಿ. ಬಿಸಿಲಿಗೂ ಗಾಳಿಗೂ ಹೆದರುವ ನಾನು, ಈ ಒಂದಕ್ಕೆ ಹೆದರದೆ ಸುಮ್ಮನಾದೆ. ಹತ್ತಿ ಒಣಗಿತ್ತಲ್ಲ.

ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ನೋಡಿದರೆ ದೇವರ ಡಬ್ಬಿಯಲ್ಲಿ ಅರಳೆ ಮುಗಿದಿದೆ. ತಳದಲ್ಲಿ ಒಂದು ಚಿಟಿಕೆ, ಅದರಲ್ಲಿ ಬತ್ತಿ ಆಗದು. ನೀರು ದಾಟಿ ಅಂಗಡಿಗೆ ಹೋಗಲು ಧೈರ್ಯವಿಲ್ಲ. ಹತ್ತಿ ಹತ್ತಿಯೇ ಅಲ್ಲವೇ ಎಂದುಕೊಂಡು ನೀಲಿ ಕಾಗದ ಬಿಚ್ಚಿದೆ. ಎಂಥ ಬಿಳುಪು, ಎಂಥ ಮೆತ್ತಗೆ! ದೇವರಿಗೆ ಇಷ್ಟು ಚೆನ್ನಾದ ಹತ್ತಿ ನಾನು ಯಾವತ್ತೂ ಕೊಟ್ಟಿರಲಿಲ್ಲ ಎನಿಸಿತು. ಮಿಂದು ಬಂದಿದ್ದೆ, ಮಳೆಗೆ ಯಾವ ಬಟ್ಟೆಯೂ ಒಣಗದೆ ಅಜ್ಜಿಯ ಹಾಗೆ ಒದ್ದೆ ಸೀರೆಯೇ ಉಟ್ಟಿದ್ದೆ. ಅಜ್ಜಿಯ ಹಾಗೆಯೇ ಒದ್ದೆ ಕೈಯಲ್ಲಿ ಹೊಸೆದೆ. ಎಳ್ಳೆಣ್ಣೆ ತುಂಬಿ ಬತ್ತಿ ಇಟ್ಟು ಕಡ್ಡಿ ಗೀರಿದೆ.

ಚಟ್ ಎಂದಿತು. ಚಟಚಟ ಎಂದಿತು. ಉರಿ ಒಂದು ಕಾಳಿನಷ್ಟಾಗಿ, ನೀಲಿಯಾಗಿ, ಹೋಯಿತು.

ಮತ್ತೆ ಹಚ್ಚಿದೆ. ಮತ್ತೆ ಚಟಚಟ, ಮತ್ತೆ ಹೊಗೆ. ಗಾಳಿಯಿರಬೇಕೆಂದು ಕಿಟಕಿ ಮುಚ್ಚಿದೆ. ಎಣ್ಣೆ ಸಾಲದೇನೋ ಎಂದು ಇನ್ನಷ್ಟು ಸುರಿದೆ. ದೀಪದ ತುಂಬ ಎಣ್ಣೆ, ಎಣ್ಣೆಯಲ್ಲಿ ಮುಳುಗಿದ ಬತ್ತಿ, ಆದರೂ ಉರಿ ನಿಲ್ಲದು. ಹರಕೆಯ ದೀಪ. ಒಳಗೆ ಕೋಣೆಯಲ್ಲಿ ಇವರು. ತಿರುಗಿ ಆ ಕಡೆ ನೋಡಲೂ ಹೆದರಿಕೆ. ಅಳುತ್ತ ಆ ಬತ್ತಿಯನ್ನು ಕೈಗೆತ್ತಿಕೊಂಡೆ. ಭಾರವಾಗಿತ್ತು. ಹಿಂಡಿದೆ. ಎಣ್ಣೆಯಲ್ಲಿ ಅಷ್ಟು ಹೊತ್ತು ಮಲಗಿದ್ದ ಬತ್ತಿಯಿಂದ ಬಂದದ್ದು ಎಣ್ಣೆಯಲ್ಲ, ನೀರು.

ನನ್ನ ಕೈಯ ನೀರೇ. ಹೊಸೆಯುವಾಗ ಕುಡಿದು ಕೂತದ್ದು. ಡಬ್ಬಿಯ ತಳದಲ್ಲಿದ್ದ ಚಿಟಿಕೆ ಅರಳೆಯನ್ನು ತೆಗೆದು ಪಂಚಪಾತ್ರೆಗೆ ಹಾಕಿದೆ, ಯಾಕೆ ಹಾಕಿದೆನೋ ಗೊತ್ತಿಲ್ಲ, ಹೆದರಿಕೆಯಲ್ಲಿ ಕೈ ಹಳೆಯ ಆಟಕ್ಕೆ ಹೋಯಿತು. ತೇಲಿತು, ಪೆರಂಬೂರಿನಲ್ಲಿ ತೇಲಿದ ಹಾಗೆಯೇ. ನೀಲಿ ಕಾಗದದ ಹತ್ತಿಯ ಚೂರೊಂದನ್ನು ಹಾಕಿದೆ. ಅದು ಒಂದು ಗಳಿಗೆಯೂ ನಿಲ್ಲದೆ ನೀರು ಕುಡಿದು ತಳಕ್ಕಿಳಿಯಿತು. ಗಿಡದಿಂದ ಬಂದ ಅರಳೆಯ ಮೈಮೇಲೆ ಮೇಣದಂಥ ಜಿಡ್ಡು ಇರುತ್ತದೆ, ಅದಕ್ಕೇ ಅದು ನೀರನ್ನು ಒಲ್ಲದು, ಎಣ್ಣೆಯನ್ನು ಕುಡಿಯುತ್ತದೆ. ಔಷಧಿ ಅಂಗಡಿಯ ಹತ್ತಿಯನ್ನು ಕುದಿಸಿ, ಆ ಜಿಡ್ಡನ್ನೆಲ್ಲ ತೆಗೆದಿರುತ್ತಾರೆ, ಕೀವು ರಕ್ತ ಕುಡಿಯಲಿ ಎಂದು. ಇದನ್ನು ಅನು ಆಮೇಲೆ ಎಲ್ಲೋ ಓದಿ ಹೇಳಿದಳು. ಅವತ್ತು ನನಗೆ ಗೊತ್ತಾದದ್ದು ಇಷ್ಟೇ: ಹತ್ತಿಯ ಎಳೆಗಳ ನಡುವಿನ ಸಂದುಗಳಲ್ಲಿ ಜಾಗ ಮೊದಲು ಹಿಡಿದವರದ್ದು. ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ನೀರು ಟವೆಲ್ ಹಾಕಿತ್ತು, ಎಣ್ಣೆ ಬಾಗಿಲಲ್ಲೇ ನಿಂತಿತ್ತು.

ಸ್ವಲ್ಪ ಸಮಾಧಾನವಾಯಿತು. ದೇವರಿಗೆ ಕೋಪ ಬಂದಿಲ್ಲ, ಬತ್ತಿ ಒದ್ದೆಯಾಗಿದೆ ಅಷ್ಟೇ. ಹೊಸ ಬತ್ತಿ ಹೊಸೆಯಲು ಕೈ ಒರೆಸಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ಕೋಣೆಯಿಂದ ಇವರ ದನಿ, "ವಿಮಲಾ, ಆ ಕೊಬ್ರಿ ಎಣ್ಣೆ ಬಾಟ್ಲು ಎಲ್ಲಿಟ್ಟೆ?"

ಇವರ ತಲೆಯಲ್ಲಿ ಎಣ್ಣೆ ಹಚ್ಚುವಂಥ ಕೂದಲು ಉಳಿದು ಯಾವ ಕಾಲವಾಯಿತು. ನಾನು ಒದ್ದೆ ಬತ್ತಿಯನ್ನು ಹಿಡಿದುಕೊಂಡೇ ಕೋಣೆಗೆ ಹೋದೆ.

"ಎಣ್ಣೆ ಯಾಕ್ರೀ?"

"ಸುಮ್ನೆ."

"ಸುಮ್ನೆ ಯಾರಾದ್ರೂ ಎಣ್ಣೆ ಕೇಳ್ತಾರಾ?"

ಇವರು ಗೋಡೆ ನೋಡಿದರು. "ಬೈಬಾರ್ದು ಮತ್ತೆ. ಪಟ್ಟಿ ಕೀಳೋವಾಗ ಜೀವ ಹೋಗುತ್ತೆ ಕಣೇ. ಅದಕ್ಕೇ ಆ ಬತ್ತಿ ತುದೀಗೆ, ಸುತ್ತ, ಒಂಚೂರು ಎಣ್ಣೆ ಹಚ್ಕೋತಿದ್ದೆ. ನೀನು ಸ್ನಾನಕ್ಕೆ ಹೋದಾಗ. ಈಗ ನೋಡು, ಅಂಟೋದೇ ಇಲ್ಲ. ಒಣಗೇ ಹೋಗಿದೆಯಲ್ಲ."

ನನ್ನ ಮುಷ್ಟಿಯಲ್ಲಿ ನೀರು ಕುಡಿದು ಎಣ್ಣೆಯನ್ನು ಒಳಗೆ ಬಿಡದ ಬತ್ತಿ. ಇವರ ಕಾಲಿನಲ್ಲಿ ಎಣ್ಣೆ ಕುಡಿದು ನೀರನ್ನು ಹೊರಗೆ ಬಿಡದ ಬತ್ತಿ. ಒಣಗಿದ್ದು ಗಾಯವಲ್ಲ. ದಾರಿ ಮುಚ್ಚಿತ್ತು. ಎರಡು ದಿನದ ಕೀವು ಹೊರಗೆ ಬರಲಾರದೆ ಒಳಗೇ ಕೂತಿತ್ತು, ಮತ್ತು ನಾನು ಕೇಸರಿಬಾತು ಹಂಚಿದ್ದೆ. ಕಂಬಳಿ ಎಳೆದೆ. ಕಾಲಿನ ಮೇಲೆ ಕೈ ಇಟ್ಟೆ. ಬಿಸಿ ಬಾಣಲಿ. ಗಾಯದಿಂದ ಮಂಡಿಯ ಕಡೆಗೆ ಒಂದು ಕೆಂಪು ಗೆರೆ ಏರಿತ್ತು. ಮಂಡಿಯ ಕಡೆಗೆ.

ಮುಂದೆ ಆದದ್ದನ್ನು ನಾನು ಸರಿಯಾಗಿ ಹೇಳಲಾರೆ, ಹೆದರಿಕೆ ಅರ್ಧ ನುಂಗಿಬಿಟ್ಟಿದೆ. ಅಕ್ಕಿಯ ಪ್ಲಾಸ್ಟಿಕ್ ಚೀಲವನ್ನು ಬರಿದು ಮಾಡಿ ಇವರ ಕಾಲಿಗೆ ಕಟ್ಟಿದ್ದು ನೆನಪಿದೆ. ಎದುರು ಮನೆಯವರು ಇವರನ್ನು ಎತ್ತಿಕೊಂಡ ಹಾಗೆಯೇ ನೀರು ದಾಟಿಸಿ ದೊಡ್ಡ ರಸ್ತೆಯಲ್ಲಿ ಆಟೋ ಹತ್ತಿಸಿದ್ದೂ ನೆನಪಿದೆ. ನಾನು ಒದ್ದೆ ಮಡಿ ಸೀರೆಯಲ್ಲೇ ಇದ್ದೆ. ಪೋರೂರಿನ ಸರ್ಕಲ್ಲಿನಲ್ಲಿ ಆಟೋ ನಿಂತೇ ಬಿಟ್ಟಿತು, ಮುಂದೆ ಬಸ್ಸು, ಹಿಂದೆ ಬಸ್ಸು. ಇವರ ಹಲ್ಲು ಕಟಕಟ ಎನ್ನುತ್ತಿತ್ತು. "ಅಪ್ಪಂಗೂ ಹಿಂಗೇ ಚಳಿ ಬಂದಿತ್ತು," ಎಂದರು ಇವರು, ಆಟೋದವನ ಬೆನ್ನು ನೋಡುತ್ತ. ಮದುವೆಯಾದಾಗಿನಿಂದ ನನ್ನ ಹೆದರಿಕೆಯನ್ನು ಆಡಿಕೊಂಡ ಮನುಷ್ಯನ ದನಿಯಲ್ಲಿ ನನ್ನದೇ ಹೆದರಿಕೆ ಕೇಳಿಸಿತು. ನಾನು "ಏನೂ ಆಗಲ್ಲ ಸುಮ್ನಿರಿ" ಎಂದೆ. ಅದು ಯಾವಾಗಲೂ ಅವರ ಮಾತು. ಕೈ ಬಿಚ್ಚಿ ಅವರ ಕೈ ಹಿಡಿಯಹೋದರೆ ಮುಷ್ಟಿಯಲ್ಲಿ ಇನ್ನೂ ಆ ಬತ್ತಿ ಇತ್ತು.

ಕ್ಲಿನಿಕ್ಕಿನಲ್ಲಿ ಸೆಲ್ವಿ ಪಟ್ಟಿ ಬಿಚ್ಚಿ, ಮೂಸಿ, ತಲೆಯೆತ್ತಿದಳು. "ಯಾರು ಎಣ್ಣೆ ವೆಚ್ಚದು?" ಎಣ್ಣೆ ಹಚ್ಚಿದ್ದು ಯಾರು ಎಂದು.

ಇವರು ಸ್ಕೂಲು ಹುಡುಗನ ಹಾಗೆ ಕೈ ಎತ್ತಿದರು.

ಡಾಕ್ಟರು ಬಂದು ಒಳಗಿನ ಬತ್ತಿಯನ್ನು ಎಳೆದಾಗ ಅದರ ಹಿಂದೆ ಬಂದದ್ದನ್ನು ನಾನು ಬರೆಯುವುದಿಲ್ಲ, ನೀವು ಊಟಕ್ಕೆ ಕೂರುವವರಿರಬಹುದು. ತೊಳೆದರು, ಇಂಜೆಕ್ಷನ್ ಕೊಟ್ಟರು, ಹೊಸ ಒಣ ಬತ್ತಿ ತುರುಕಿದರು, ಅಲ್ಲೇ ಮಲಗಿಸಿಕೊಂಡರು. ಹೊರಗೆ ಬಂದು ನನಗೆ ಹೇಳಿದರು, "ಇನ್ನಿಕ್ಕೇ ವಂದೀಂಗಳೇ, ಅದು ಪೋದುಂ." ಇವತ್ತೇ ಬಂದಿರಲ್ಲ, ಅಷ್ಟು ಸಾಕು. ಬೆಳಿಗ್ಗೆ ಸೆಲ್ವಿ ಪಟ್ಟಿ ಬಿಚ್ಚಿದಾಗ ಹತ್ತಿ ತೊಯ್ದು ತೊಪ್ಪೆಯಾಗಿತ್ತು. ಅದನ್ನು ನೋಡಿ ನಾನು ಕೈ ಮುಗಿದೆ. ಸೆಲ್ವಿ ನಕ್ಕಳು, ಇವರು ಕೂಗಿದರು, ಮಾಮೂಲಿನ ಹಾಗೆ, ಕಟ್ಟಡ ಹಾರಿಹೋಗುವ ಹಾಗೆ. ಅಷ್ಟು ಇಂಪಾದ ಕೂಗು ನಾನು ಕೇಳಿಲ್ಲ.

ಕಾಲು ಉಳಿಯಿತು. ಈಗ ಅಲ್ಲಿ ಒಂದು ಗುಳಿ ಮಾತ್ರ ಇದೆ. ಅನು ಊರಿನವರ ಕೈಯಲ್ಲಿ ಹೇಳಿ ಒಂದು ಚೀಲ ಅರಳೆ ತರಿಸಿಕೊಟ್ಟಿದ್ದಾಳೆ, ಬೀಜದ ಚೂರು ಸಮೇತ. ಅದು ಮುಗಿಯುವ ಹಾಗೇ ಇಲ್ಲ. ದೀಪ ದಿನವೂ ನೆಟ್ಟಗೆ ಉರಿಯುತ್ತದೆ, ಅಜ್ಜಿಯ ದೀಪದ ಹಾಗೆ, ಸದ್ದಿಲ್ಲದೆ.

ನನ್ನ ಹೆದರಿಕೆ ಇರುವುದು ಅಲ್ಲಿಯೇ. ಅವತ್ತು ಡಬ್ಬಿಯಲ್ಲಿ ಇನ್ನೊಂದು ಹಿಡಿ ಅರಳೆ ಇದ್ದಿದ್ದರೆ ಏನಾಗುತ್ತಿತ್ತು ಹೇಳಿ. ದೀಪ ಹೀಗೆಯೇ ಚೆನ್ನಾಗಿ ಉರಿಯುತ್ತಿತ್ತು. ದೇವರು ನಡೆಸಿಕೊಟ್ಟ, ಗಾಯ ಒಣಗಿತು ಎಂದು ನಾನು ಅದರ ಮುಂದೆ ಕೈ ಮುಗಿದು ಕೂತಿರುತ್ತಿದ್ದೆ. ಇವರು ಎಣ್ಣೆಯ ಬಾಟಲಿ ಕೇಳಿದ್ದರೆ ಎತ್ತಿ ಕೊಟ್ಟು ಬಂದು ಮತ್ತೆ ಕೂರುತ್ತಿದ್ದೆ. ಒಳಗೆ ಆ ಕೆಂಪು ಗೆರೆ ಮಂಡಿ ದಾಟುತ್ತಿತ್ತು.

ಆದ್ದರಿಂದ ಈಗ ಸಂಜೆ ದೀಪ ಹಚ್ಚಿ, ಉರಿ ಅಲುಗಾಡದೆ ನಿಂತದ್ದನ್ನು ಕಂಡ ಕೂಡಲೇ ನಾನು ಎದ್ದು ಕೋಣೆಗೆ ಹೋಗುತ್ತೇನೆ. ಪೇಪರ್ ಓದುತ್ತಿರುವ ಇವರ ಎಡಗಾಲಿನ ಮೇಲೆ, ಆ ಗುಳಿಯ ಸುತ್ತ, ಅಂಗೈ ಒತ್ತಿ ಹಿಡಿಯುತ್ತೇನೆ.

"ಏನೇ ಇದು, ದಿನಾ ಕಾಲ್ ಹಿಡಿಯೋದು?" ಎನ್ನುತ್ತಾರೆ ಇವರು.

ನಾನು ಕಾಲು ತಣ್ಣಗಿದೆಯೇ ಎಂದು ನೋಡುತ್ತಿರುತ್ತೇನೆ.